ಚಂದದ ಗೇಮಾ, ಗಟ್ಟಿ ಗೇಮಾ? ದುಡ್ಡು ಹಾಕುವ ಮೊದಲು ನೋಡಬೇಕಾದ್ದು

ಪಿಯುಸಿ ರಿಸಲ್ಟ್ ಬಂದು ಮಕ್ಕಳು ಸುರತ್ಕಲ್, ಮಣಿಪಾಲ, ದೇರಳಕಟ್ಟೆ ಅಂತ ಕಾಲೇಜು ಸೇರುವ ಹೊತ್ತಿಗೆ ನನಗೆ ಒಂದೇ ನಮೂನೆಯ ಪ್ರಶ್ನೆಗಳು ಬರುತ್ತವೆ. "ಎಪ್ಪತ್ತು ಸಾವಿರ ಉಂಟು. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪೇ ಬೇಕಾ, ಸಾದಾದ್ದು ತಗೊಂಡು ಸಣ್ಣ ಗೇಮ್ ಆಡಿದರೆ ಸಾಕಾ?" "ಟಿವಿಗೆ ಹಾಕಿ ಆಡುವ ಸೋನಿಯ ಪಿಎಸ್5 ಕಣ್ಣಿಗೆ ಹಬ್ಬ ಅಂತಾರೆ, ಆದರೆ ಆಡ್ಲಿಕ್ಕೆ ಟೈಮ್ ಎಲ್ಲಿ ಉಂಟು?" "ಎಲ್ಲರೂ ಆ ಕೃಷಿಯ ಗೇಮ್ ಸ್ಟಾರ್‌ಡ್ಯೂ ವ್ಯಾಲಿ ಅಂತಾರೆ, ನೋಡಿದರೆ ಯಾವುದೋ ಕಾಲದ ಗೇಮಿನ ಹಾಗೆ ಕಾಣ್ತದೆ, ಅದಕ್ಕೂ ದುಡ್ಡು ಕೊಡುವುದಾ?" ಮೂರೂ ಪ್ರಶ್ನೆಗಳ ಬುಡ ಒಂದೇ. ದುಡ್ಡು ಕೊಡಬೇಕಾದ್ದು ಗ್ರಾಫಿಕ್ಸ್‌ಗಾ, ಆಟದ ಹುರುಳಿಗಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳುತ್ತಾ ಕೂತರೆ ರಾತ್ರಿಯಿಡೀ ಜಗಳ ಆಡಬಹುದು, ಉತ್ತರ ಸಿಗುವುದಿಲ್ಲ. ಈ ಆಟದಲ್ಲಿ ಗ್ರಾಫಿಕ್ಸ್ ಏನು ಕೆಲಸ ಮಾಡುತ್ತಿದೆ ಅಂತ ಕೇಳಿ, ಉತ್ತರ ಸಿಗುತ್ತದೆ. ಕೆಲಸ ಮಾಡುವ ಚಂದಕ್ಕೆ ಧಾರಾಳವಾಗಿ ದುಡ್ಡು ಕೊಡಿ. ಟ್ರೇಲರ್‌ನಲ್ಲಿ ಮಿಂಚುವುದಕ್ಕೆ ಮಾತ್ರ ಇರುವ ಚಂದಕ್ಕೆ ಬೇಡ.

ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ನಾಲ್ಕು ಜನ ಕೂತು ಅರ್ಥ ಹೇಳುತ್ತಾರೆ, ಕೇಳುವವರು ಎದ್ದು ಹೋಗುವುದಿಲ್ಲ. ಹಾಗಂತ ಬಯಲಾಟದ ವೇಷ ಬರೀ ಶೋಕಿ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಬಣ್ಣದ ವೇಷ ತೆರೆ ಸರಿಸಿ ಬಂದ ಕೂಡಲೇ ಇವನು ರಾಕ್ಷಸ ಅಂತ ಕೊನೆಯ ಸಾಲಿನ ಮಗುವಿಗೂ ಗೊತ್ತಾಗುತ್ತದೆ. ಅವನು ಇನ್ನೂ ಒಂದು ಮಾತೂ ಆಡಿರುವುದಿಲ್ಲ. ಅಲ್ಲಿ ಬಣ್ಣವೇ ಅರ್ಧ ಕಥೆ ಹೇಳಿಬಿಟ್ಟಿರುತ್ತದೆ. ಇನ್ನೊಂದೂ ಉಂಟು: ತಾಳಮದ್ದಳೆಯಲ್ಲಿ ಅರ್ಥ ಸಪ್ಪೆಯಾದರೆ ಮರೆಮಾಡಲಿಕ್ಕೆ ಏನೂ ಇಲ್ಲ. ಸಣ್ಣ ಗೇಮ್‌ಗಳದ್ದೂ ಅದೇ ಪಾಡು. ಗ್ರಾಫಿಕ್ಸ್ ಸಾದಾ ಇದ್ದ ಮಾತ್ರಕ್ಕೆ ಆಟ ಗಟ್ಟಿ ಅಂತ ನಂಬಬೇಡಿ. ಆನ್‌ಲೈನ್ ಅಂಗಡಿ ತುಂಬ ದಪ್ಪ ಚುಕ್ಕೆಗಳಲ್ಲಿ ಬಿಡಿಸಿದ ಸಪ್ಪೆ ಪಿಕ್ಸೆಲ್ ಗೇಮ್‌ಗಳು ಬೇಕಾದಷ್ಟು ಬಿದ್ದಿವೆ.

ಏನೇನು ನೋಡಬೇಕು

ಮೊದಲನೆಯದು ಈಗ ಹೇಳಿದ್ದೇ, ಗ್ರಾಫಿಕ್ಸ್‌ನ ಕೆಲಸ. ಸ್ವಲ್ಪ ಹತ್ತಿರದಿಂದ ನೋಡೋಣ. 2018ರ ಸೆಲೆಸ್ಟ್ ಅಂತ ಒಂದು ಬೆಟ್ಟ ಹತ್ತುವ ಗೇಮ್ ಇದೆ. ಪೂರ್ತಿ ಪಿಕ್ಸೆಲ್, ದೂರದಿಂದ ನೋಡಿದರೆ ಹಳೆಯ ವಿಡಿಯೊ ಗೇಮ್ ಅನ್ನಿಸುತ್ತದೆ. ಅದರ ಹುಡುಗಿ ಗಾಳಿಯಲ್ಲಿ ಒಂದು ಸಲ ಜೋರಾಗಿ ಮುನ್ನುಗ್ಗಬಹುದು. ಆ ಅವಕಾಶ ಕೈಯಲ್ಲಿ ಇರುವಾಗ ಅವಳ ಕೂದಲು ಕೆಂಪು, ಬಳಸಿಬಿಟ್ಟರೆ ನೀಲಿ. ನೆಲ ಮುಟ್ಟಿದರೆ ಮತ್ತೆ ಕೆಂಪು. ಸ್ಕ್ರೀನಿನ ಮೂಲೆಯಲ್ಲಿ ಮೀಟರ್ ಇಲ್ಲ, ಬರಹ ಇಲ್ಲ. ಹಾರುವಾಗ ಕಣ್ಣು ಹೇಗೂ ಅವಳ ಮೇಲೇ ಇರುತ್ತದೆ, ಬೇಕಾದ ಮಾಹಿತಿಯೂ ಅಲ್ಲೇ ಇದೆ. ಕೆಲವೇ ಚುಕ್ಕೆಗಳಲ್ಲಿ ಬಿಡಿಸಿದ ಆ ಕೂದಲು ಎಷ್ಟೋ ದೊಡ್ಡ ಗೇಮ್‌ಗಳ ಎಣಿಸಬಹುದಾದ ಗಡ್ಡದ ಎಳೆಗಳಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಆನ್‌ಲೈನ್‌ನಲ್ಲಿ ಗುಂಡು ಹಾರಿಸಿ ಆಡುವ ವ್ಯಾಲರೆಂಟ್‌ನಲ್ಲಿ ಎದುರಾಳಿಯ ಸುತ್ತ ಕೆಂಪು ಗೆರೆ ಇರುವುದೂ ಇದಕ್ಕೇ. ಗೋಡೆಯ ಬಣ್ಣದಲ್ಲಿ ಮನುಷ್ಯ ಕರಗಿ ಹೋಗಬಾರದು. ಕೆಂಪು ಸರಿಯಾಗಿ ಕಾಣದವರು ಹಳದಿಗೋ ನೇರಳೆಗೋ ಬದಲಾಯಿಸಿಕೊಳ್ಳಬಹುದು. ಅದೇ ಜಾತಿಯ ಗೇಮ್, 2023ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 2ರ ಹೊಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಹಳೆಯದರಲ್ಲಿ ಹೊಗೆ ಅಂದರೆ ಹೊಗೆಯ ಚಿತ್ರ, ಅಷ್ಟೆ. ಹೊಸದರಲ್ಲಿ ಅದು ಜಾಗ ತುಂಬಿಕೊಳ್ಳುತ್ತದೆ, ಬಾಗಿಲ ಸಂದಿಯಲ್ಲಿ ಹರಿಯುತ್ತದೆ. ಅದರೊಳಗೆ ಗ್ರೆನೇಡ್ ಎಸೆದರೆ ಸ್ವಲ್ಪ ಹೊತ್ತು ಚದುರಿ ದಾರಿ ಬಿಡುತ್ತದೆ, ಆ ಸಂದಿನಲ್ಲಿ ಎದುರಿನವನು ಕಾಣುತ್ತಾನೆ. ಗ್ರಾಫಿಕ್ಸ್ ಸುಧಾರಿಸಿದ್ದರಿಂದ ಆಟದಲ್ಲೇ ಒಂದು ಹೊಸ ತಂತ್ರ ಹುಟ್ಟಿತು. ಇಲ್ಲಿ ಚಂದ ಎಲ್ಲಿ ಮುಗಿಯಿತು, ಹುರುಳು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ.

ಎರಡನೆಯದು ಓಟ. ಸೆಕೆಂಡಿಗೆ 60 ಚಿತ್ರ ಬಂದರೆ ಒಂದೊಂದೂ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ. 30 ಬಂದರೆ 33.3. ಚಿತ್ರ ನಿಧಾನವಾದಷ್ಟೂ ನೀವು ಬಟನ್ ಒತ್ತಿದ್ದು ಸ್ಕ್ರೀನಿನಲ್ಲಿ ಕಾಣಲಿಕ್ಕೆ ತಡ. ಕಥೆಯ ಗೇಮಿನಲ್ಲಿ 30 ನಡೆದೀತು. ಹೊಡೆದಾಟದಲ್ಲಿ, ರೇಸಿನಲ್ಲಿ ನಡೆಯುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಒಮ್ಮೆ 60, ಒಮ್ಮೆ 25 ಅಂತ ಜಗ್ಗುವುದು. ಪೆಟ್ಟಿಗೆಯ ಮೇಲೆ 4ಕೆ ಅಂತ ಬರೆದದ್ದು ನೋಡಿ ಮರುಳಾಗಬೇಡಿ. 1080ಪಿ ಅಂದರೆ ಸ್ಕ್ರೀನಿನಲ್ಲಿ ಸುಮಾರು 20.7 ಲಕ್ಷ ಚುಕ್ಕೆ, 4ಕೆ ಅಂದರೆ ಸುಮಾರು 83 ಲಕ್ಷ. ಮೆಷಿನ್‌ಗೆ ನಾಲ್ಕು ಪಟ್ಟು ಚುಕ್ಕೆ ತುಂಬುವ ಕೆಲಸ. ಹದಿನೈದು ಇಂಚಿನ ಲ್ಯಾಪ್‌ಟಾಪಿನಲ್ಲಿ ಆ ವ್ಯತ್ಯಾಸ ನಿಮಗೆ ಕಾಣುವುದು ಕಷ್ಟ, ಫ್ಯಾನ್ ಶಬ್ದ ಮಾತ್ರ ಚೆನ್ನಾಗಿ ಕೇಳುತ್ತದೆ.

ಮೂರನೆಯದು ಹೊರಗಿನ ಗೇಮ್ ರಿವ್ಯೂಗಳಲ್ಲಿ ಎಲ್ಲೂ ಕಾಣುವುದಿಲ್ಲ, ಕರಾವಳಿಯಲ್ಲಿ ಮಾತ್ರ ಎಲ್ಲರಿಗೂ ಬೇಕು. ಕರೆಂಟ್ ಹೋದರೆ ಎಷ್ಟು ಆಟ ಕಳೆದುಹೋಗುತ್ತದೆ? ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಅಮ್ಮ ಮೊದಲು ಬಂದು ಎಳೆಯುವುದೇ ಪ್ಲಗ್. ತಪ್ಪೇನಿಲ್ಲ, ಸಿಡಿಲಿಗೆ ಮೋಡೆಮ್, ಟಿವಿ ಎಲ್ಲ ಸುಟ್ಟ ಮನೆಗಳು ಊರಿಗೆ ನಾಲ್ಕಾದರೂ ಇವೆ. ಹಾಗಾಗಿ ಆಟ ಎಲ್ಲಿ ಸೇವ್ ಆಗುತ್ತದೆ ಅಂತ ನೋಡಿಕೊಳ್ಳಿ. ಕಂಪ್ಯೂಟರಿನ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ರಾತ್ರಿ ಮಲಗಿದಾಗ ಸೇವ್ ಆಗುತ್ತದೆ. ಅಲ್ಲಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ, ಹೋದರೆ ಅಷ್ಟೇ ಹೋಗುವುದು. ಕೋಣೆಯಿಂದ ಕೋಣೆಗೆ ಹೊಡೆದಾಡುತ್ತಾ ಹೋಗುವ ಹೇಡಿಸ್‌ನಲ್ಲಿ ಪ್ರತಿ ಕೋಣೆಯ ಬಾಗಿಲಲ್ಲೇ ಸೇವ್. ಕೌಬಾಯ್ ಕಥೆಯ ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಮಿಷನ್ ನಡುವೆ ನಿಮಗೆ ಬೇಕಾದಾಗ ಸೇವ್ ಮಾಡಲಿಕ್ಕೆ ಆಗುವುದಿಲ್ಲ. ಡೆಸ್ಕ್‌ಟಾಪ್ ಅಥವಾ ಕನ್ಸೋಲ್ ಇಡುವವರು ಸಣ್ಣ ಯುಪಿಎಸ್‌ನ ಖರ್ಚನ್ನೂ ಬಜೆಟ್‌ಗೆ ಸೇರಿಸಿ. ಗೇಮ್ ಓಡುವಾಗ ಪಿಎಸ್5 ಒಂದೇ 200 ವ್ಯಾಟ್ ಆಸುಪಾಸು ಎಳೆಯುತ್ತದೆ. ಸಣ್ಣ ಯುಪಿಎಸ್‌ನಲ್ಲಿ ಆಡುತ್ತಾ ಕೂರಲಿಕ್ಕೆ ಆಗುವುದಿಲ್ಲ, ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಉಂಟಲ್ಲ ಅನ್ನಬೇಡಿ. ಪ್ಲಗ್ ತೆಗೆದ ಕೂಡಲೇ ಅದರ ಶಕ್ತಿ ಕುಸಿಯುತ್ತದೆ.

ನಾಲ್ಕನೆಯದು ಜಾಗ ಮತ್ತು ಇಂಟರ್ನೆಟ್. ರೆಡ್ ಡೆಡ್ 2ಕ್ಕೆ 150 ಜಿಬಿ ಬೇಕು. ಇಸ್ಪೀಟಿನ ಗೇಮ್ ಬಲಾಟ್ರೊಗೆ 150 ಎಂಬಿ. ಒಂದರ ಜಾಗದಲ್ಲಿ ಇನ್ನೊಂದು ಸಾವಿರ ಸಲ ಹಿಡಿಸುತ್ತದೆ! 40 ಎಂಬಿಪಿಎಸ್ ಫೈಬರ್‌ನಲ್ಲಿ 150 ಜಿಬಿ ಇಳಿಸಲಿಕ್ಕೆ ಎಂಟು ಗಂಟೆಗೂ ಮೇಲೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿದವರಿಗೆ ಎರಡೂವರೆ ತಿಂಗಳು. 512 ಜಿಬಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಕಾಲೇಜಿನ ಸಾಫ್ಟ್‌ವೇರ್ ಹೋಗಿ ಉಳಿಯುವ ಜಾಗದಲ್ಲಿ ಇಂಥ ಗೇಮ್ ಎರಡು ಹಿಡಿಸಿದರೆ ಪುಣ್ಯ.

ಇನ್ನು ಬಾಳಿಕೆ. ನಿಜದ ಹಾಗೇ ಕಾಣಬೇಕು ಅಂತ ಹೊರಟ ಗ್ರಾಫಿಕ್ಸ್ ಬೇಗ ಹಳತಾಗುತ್ತದೆ, ಯಾಕೆಂದರೆ ಮುಂದಿನ ವರ್ಷ ಇನ್ನೊಬ್ಬ ಇನ್ನೂ ನಿಜ ಮಾಡಿ ತೋರಿಸುತ್ತಾನೆ. ತನ್ನದೇ ಶೈಲಿ ಇರುವುದು ಹಾಗಲ್ಲ. 2002ರ ಜೆಲ್ಡಾ, ದಿ ವಿಂಡ್ ವೇಕರ್, ಕಾರ್ಟೂನಿನ ಹಾಗೆ ಇದೆ ಅಂತ ಆಗ ಅಭಿಮಾನಿಗಳಿಂದಲೇ ಬೈಸಿಕೊಂಡಿತ್ತು. ಅದೇ ಕಾಲದ 'ನಿಜದಂತೆ ಕಾಣುವ' ಗೇಮ್‌ಗಳ ಮುಖಗಳನ್ನು ಈಗ ನೋಡಿದರೆ ನಗು ಬರುತ್ತದೆ. ವಿಂಡ್ ವೇಕರ್‌ನ ಕಡಲು ಈಗಲೂ ಚಂದ.

ಕೊನೆಗೆ ಭಾಷೆ. ಇದನ್ನು ಯಾರೂ ಹೇಳುವುದಿಲ್ಲ. ಹುರುಳು ಅಂತ ನಾವು ಹೊಗಳುವ ಎಷ್ಟೋ ಗೇಮ್‌ಗಳಲ್ಲಿ ಆ ಹುರುಳೆಲ್ಲ ಇಂಗ್ಲಿಷ್ ಮಾತಿನಲ್ಲಿ ಇರುತ್ತದೆ. 2019ರ ಡಿಸ್ಕೊ ಎಲಿಸಿಯಮ್ ಒಳ್ಳೆಯ ಗೇಮೇ, ಆದರೆ ಅದು ಆಡುವುದಕ್ಕಿಂತ ಓದುವುದು ಜಾಸ್ತಿ. ಕನ್ನಡದಲ್ಲಿ ಮೆನು ಇರುವ ದೊಡ್ಡ ಗೇಮ್ ಅಪರೂಪ. ಇಂಗ್ಲಿಷ್ ಸಾಲುಸಾಲು ಓದಲಿಕ್ಕೆ ಬೇಜಾರು ಪಡುವ ಹುಡುಗನಿಗೆ, ಅಥವಾ ಮಗಳ ಜೊತೆ ಕೂತು ಆಡುವ ಅಪ್ಪನಿಗೆ, ಕಣ್ಣಿಗೆ ಕಂಡೇ ಅರ್ಥ ಆಗುವ ಗೇಮ್ ಬೇಕು. ಅಂಥವರ ಹತ್ತಿರ 'ಗ್ರಾಫಿಕ್ಸ್ ನೋಡಬೇಡ, ಕಥೆ ನೋಡು' ಅನ್ನುವುದು ಸುಮ್ನೆ ಉಪದೇಶ.

ದೊಡ್ಡ ಬಜೆಟ್ಟಿನ ಚಂದದ ಗೇಮ್

ಈಗ ಒಂದೊಂದೇ ನಮೂನೆ ನೋಡೋಣ. ಮೊದಲು ಎಲ್ಲರ ಬಾಯಲ್ಲೂ ಇರುವ ದೊಡ್ಡ ಗೇಮ್‌ಗಳು. ಹೊಸತರಲ್ಲಿ ಮೂರರಿಂದ ಐದು ಸಾವಿರ ರೂಪಾಯಿ, ಜೊತೆಗೆ ಅದನ್ನು ಓಡಿಸುವ ಮೆಷಿನ್‌ನ ಖರ್ಚು ಬೇರೆ.

ಇವುಗಳಲ್ಲಿ ನಿಜವಾಗಿ ಬೆಲೆಬಾಳುವುದು ರೆಡ್ ಡೆಡ್ 2ರಂಥದ್ದು. 2018ರಲ್ಲಿ ಬಂದದ್ದು, ಇವತ್ತಿಗೂ ಅದರ ಮುಂದೆ ನಿಲ್ಲುವ ಗೇಮ್ ಕಡಿಮೆ. ಹಿಮದಲ್ಲಿ ನಡೆದರೆ ಹೆಜ್ಜೆಯ ಗುರುತು ಉಳಿಯುತ್ತದೆ. ಕಥೆಯ ನಾಯಕ ಆರ್ಥರ್‌ನ ಗಡ್ಡ ದಿನಾ ಬೆಳೆಯುತ್ತದೆ. ತಿಂದರೆ ದಪ್ಪ ಆಗುತ್ತಾನೆ, ತಿನ್ನದಿದ್ದರೆ ಸೊರಗುತ್ತಾನೆ. ಮ್ಯಾಪ್ ಆಫ್ ಮಾಡಿ ಬೆಟ್ಟ, ನದಿ, ರೈಲು ಹಳಿ ನೋಡಿಕೊಂಡೇ ದಾರಿ ಹಿಡಿಯಬಹುದು. ಇಲ್ಲಿ ನೋಡುವುದೇ ಆಟದ ದೊಡ್ಡ ಭಾಗ, ಹಾಗಾಗಿ ಚಂದಕ್ಕೆ ಕೊಟ್ಟ ದುಡ್ಡು ವಸೂಲು. ಆದರೆ ಕಥೆ ಮುಗಿಸಲಿಕ್ಕೆ ಐವತ್ತು ಗಂಟೆಯ ಹತ್ತಿರ ಬೇಕು, ಮೊದಲ ಕೆಲವು ಗಂಟೆ ನಿಧಾನ. ಆಫೀಸಿನಿಂದ ಬಂದು ಊಟ ಮುಗಿಸಿ ಮುಕ್ಕಾಲು ಗಂಟೆ ಸಿಗುವವರಿಗೆ ಒಂದು ರಾತ್ರಿಯಿಡೀ ಕುದುರೆ ಸವಾರಿಯಲ್ಲೇ ಮುಗಿಯಬಹುದು. ಅದನ್ನೇ ಇಷ್ಟಪಡುವವರೂ ಇದ್ದಾರೆ, ನಾನೂ ಒಬ್ಬ.

ಮುಂದಿನ ಕಾಲದ ಒಂದು ನಗರದಲ್ಲಿ ನಡೆಯುವ ಗೇಮ್ ಸೈಬರ್‌ಪಂಕ್ 2077ರ ಕಥೆ ಈ ಚರ್ಚೆಗೆ ಹೇಳಿ ಮಾಡಿಸಿದ್ದು. 2020ರ ಡಿಸೆಂಬರ್ 10ಕ್ಕೆ ಬಂತು. ಒಳ್ಳೆಯ ಕಂಪ್ಯೂಟರಿನಲ್ಲಿ ನೋಡಿದವರು ಬಾಯಿ ಬಿಟ್ಟರು. ಹಳೆಯ ಪಿಎಸ್4ನಲ್ಲಿ ಅದು ಓಡಲೇ ಒದ್ದಾಡಿತು. ಸೋನಿಯವರು ಆ ತಿಂಗಳೇ ತಮ್ಮ ಆನ್‌ಲೈನ್ ಅಂಗಡಿಯಿಂದ ತೆಗೆದರು, ವಾಪಸ್ ಇಟ್ಟದ್ದು 2021ರ ಜೂನ್‌ನಲ್ಲಿ. ಅದರ ಹೆಸರು ಪೂರ್ತಿ ರಿಪೇರಿ ಆದದ್ದು ಮಾತ್ರ 2023ರ ಸೆಪ್ಟೆಂಬರ್‌ನಲ್ಲಿ, 2.0 ಅಪ್‌ಡೇಟ್ ಬಂದ ಮೇಲೆ. ಆಗ ಅವರು ಕೈ ಹಾಕಿದ್ದು ಎಲ್ಲಿಗೆ? ಕೌಶಲಗಳ ವ್ಯವಸ್ಥೆಗೆ, ಪೊಲೀಸರು ಬೆನ್ನಟ್ಟುವ ರೀತಿಗೆ. ನಗರದ ದೀಪಗಳು ಮೊದಲ ದಿನವೇ ಚಂದ ಇದ್ದವು. ಈಗ ಕೊಂಡರೆ ಒಳ್ಳೆಯ ಗೇಮ್, ಅದೂ ಸೇಲ್‌ನಲ್ಲಿ ಕಡಿಮೆಗೆ.

ಚಂದ ಮಾತ್ರ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 2015ರ ದಿ ಆರ್ಡರ್: 1886 ಸಾಕು. ಪಿಎಸ್4ನ ಆಗಿನ ಅತಿ ಚಂದದ ಗೇಮ್‌ಗಳಲ್ಲಿ ಒಂದು. ಒಂದು ವಾರಾಂತ್ಯದಲ್ಲಿ ಮುಗಿದುಹೋಗುತ್ತದೆ, ಮತ್ತೆ ಆಡಲಿಕ್ಕೆ ಕಾರಣವೇ ಇಲ್ಲ. ಪೂರ್ತಿ ಬೆಲೆ ಕೊಟ್ಟವರು ಬೈದದ್ದರಲ್ಲಿ ಆಶ್ಚರ್ಯ ಇಲ್ಲ.

ಲ್ಯಾಪ್‌ಟಾಪ್ ತಗೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಹೊಸ ಗೇಮ್‌ಗಳು ಈಗ ಹಳೆಯ ಕಾರ್ಡ್‌ಗಳನ್ನು ಒಳಗೇ ಬಿಡುತ್ತಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್‌ಗೆ ರೇ ಟ್ರೇಸಿಂಗ್ (ಬೆಳಕು, ನೆರಳು ನಿಜದ ಹಾಗೆ ಲೆಕ್ಕ ಹಾಕುವ ತಂತ್ರ) ಇರುವ ಕಾರ್ಡೇ ಬೇಕು. ಕನಿಷ್ಠ ಅಂತ ಹೇಳಿದ ಕಾರ್ಡೇ 8 ಜಿಬಿ ಮೆಮೊರಿಯದ್ದು. 2025ರ ಡೂಮ್: ದಿ ಡಾರ್ಕ್ ಏಜಸ್‌ಗೂ ರೇ ಟ್ರೇಸಿಂಗ್ ಇಲ್ಲದೆ ಆಗುವುದಿಲ್ಲ. ಅಗ್ಗ ಅಂತ ಜಿಟಿಎಕ್ಸ್ 1650 ಕಾರ್ಡಿನ ಹಳೆಯ ಸ್ಟಾಕ್ ಲ್ಯಾಪ್‌ಟಾಪ್ ಕಟ್ಟಿಕೊಂಡು ಬಂದರೆ ಇವೆರಡೂ ಓಡುವುದಿಲ್ಲ. ಆರ್‌ಟಿಎಕ್ಸ್ 3050ರಲ್ಲಿ ರೇ ಟ್ರೇಸಿಂಗ್ ಇದ್ದರೂ 4 ಜಿಬಿಯದ್ದು ಮೆಮೊರಿ ಸಾಲದೆ ಸಂಕಷ್ಟದಲ್ಲಿ ಇದೆ. ಚಂದದ ಗೇಮ್‌ಗಾಗಿಯೇ ಲ್ಯಾಪ್‌ಟಾಪ್ ಅಂತಾದರೆ ಕಾರ್ಡಿನ ಮೆಮೊರಿಯಲ್ಲಿ 8 ಜಿಬಿಗಿಂತ ಕೆಳಗೆ ಇಳಿಯಬೇಡಿ. ಬಜೆಟ್ ಅಲ್ಲಿಗೆ ಮುಟ್ಟದಿದ್ದರೆ ಅರ್ಧಂಬರ್ಧದ ಕಾರ್ಡ್‌ಗೆ ಜಾಸ್ತಿ ದುಡ್ಡು ಕೊಡುವ ಬದಲು ಕೆಳಗಿನ ದಾರಿ ಹಿಡಿಯುವುದು ಲೇಸು.

ಹಳೆಯ ದೊಡ್ಡ ಗೇಮ್

ಜಿಟಿಎ 5 ಬಂದದ್ದು 2013ರಲ್ಲಿ, ವಿಚರ್ 3 ಬಂದದ್ದು 2015ರಲ್ಲಿ. ಎರಡೂ ಈಗಲೂ ಚಂದ, ಎರಡರಲ್ಲೂ ಹುರುಳು ತುಂಬಾ ಇದೆ, ಸಾಧಾರಣ ಕಾರ್ಡ್‌ನಲ್ಲೂ ಸಲೀಸಾಗಿ ಓಡುತ್ತವೆ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಜೂನ್ ಕೊನೆಯ ಸೇಲ್, ಡಿಸೆಂಬರ್ ಕೊನೆಯ ಸೇಲ್ ಕಾದರೆ ಇಂಥವು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಇಂಥದ್ದೇ ಇನ್ನೊಂದು ಅಂಗಡಿ ಎಪಿಕ್ ಸ್ಟೋರ್ ವಾರಕ್ಕೊಮ್ಮೆ ಗೇಮ್ ಪುಕ್ಕಟೆ ಕೊಡುತ್ತದೆ. 2020ರ ಮೇಯಲ್ಲಿ ಜಿಟಿಎ 5ನ್ನೇ ಕೊಟ್ಟಿತ್ತು. ಗ್ರಾಫಿಕ್ಸ್ ಬೇಕು, ದುಡ್ಡು ಕಡಿಮೆ ಅನ್ನುವವರಿಗೆ ನನ್ನ ಮೊದಲ ಸಲಹೆ ಇದೇ: ಐದು ವರ್ಷ ಹಿಂದೆ ಇರಿ. ಗೆಳೆಯರೆಲ್ಲ ಹೊಸ ಗೇಮ್ ಬಗ್ಗೆ ಮಾತಾಡುವಾಗ ಬಾಯಿ ಮುಚ್ಚಿ ಕೂರಬೇಕು ಅನ್ನುವುದೊಂದೇ ನಷ್ಟ.

ಸಣ್ಣ ತಂಡದ ಗೇಮ್

ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ. ಚಿತ್ರ ಅವನದೇ, ಸಂಗೀತ ಅವನದೇ, ಕಥೆಯೂ ಅವನದೇ. 2016ರಲ್ಲಿ ಬಂತು. 2024ರ ಕೊನೆಗೆ ನಾಲ್ಕು ಕೋಟಿಗೂ ಜಾಸ್ತಿ ಪ್ರತಿ ಮಾರಿತ್ತು. ಅದರಲ್ಲಿ ಎಂಥ ಉಂಟು? ಗದ್ದೆಗೆ ನೀರು ಹಾಕುವುದು, ಮೀನು ಹಿಡಿಯುವುದು, ಊರಿನವರ ಜೊತೆ ಮಾತಾಡುವುದು. ಬೀನ್ಸ್ ಬಳ್ಳಿಗೆ ಕಟ್ಟಿದ ಚಪ್ಪರದ ನಡುವೆ ದಾಟಲಿಕ್ಕೆ ಆಗುವುದಿಲ್ಲ, ಹಾಗಾಗಿ ಸಾಲು ಹಾಕುವಾಗಲೇ ನೀರು ಹಾಕುವ ದಾರಿ ಯೋಚಿಸಬೇಕು. ಮಳೆ ಬಂದ ದಿನ ನೀರು ಹಾಕುವ ಕೆಲಸ ಇಲ್ಲ, ಗಣಿಗೆ ಇಳಿಯಬಹುದು. ಇಷ್ಟು ಸಣ್ಣ ಲೆಕ್ಕಾಚಾರಗಳೇ ಸೇರಿ 'ಇನ್ನೊಂದೇ ದಿನ' ಅನ್ನಿಸುತ್ತದೆ. 14 ನಿಮಿಷದ ದಿನ ಅಂತ ಶುರು ಮಾಡಿದವರು ರಾತ್ರಿ ಒಂದೂವರೆಗೆ ಏಳುತ್ತಾರೆ. ಇದಕ್ಕೆ ಬೇಕಾಗಿರುವುದು 500 ಎಂಬಿ ಜಾಗ, ಸಾಧಾರಣ ಆಫೀಸ್ ಲ್ಯಾಪ್‌ಟಾಪ್.

ಬಲಾಟ್ರೊ ಇನ್ನೂ ವಿಚಿತ್ರ. 2024ರ ಫೆಬ್ರವರಿಯಲ್ಲಿ ಬಂತು, ಇದೂ ಹೆಚ್ಚುಕಡಿಮೆ ಒಬ್ಬನದೇ ಕೆಲಸ. ಇಸ್ಪೀಟು ಎಲೆ, ಪೋಕರ್ ಕೈಗಳು, ಅವುಗಳ ನಿಯಮ ತಿರುಚುವ ಜೋಕರ್‌ಗಳು. ದುಡ್ಡು ಕಟ್ಟಿ ಆಡುವ ಜೂಜಲ್ಲ, ಗಾಬರಿ ಬೇಡ. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ದೊಡ್ಡ ಗೇಮ್‌ಗಳ ಜೊತೆ ವರ್ಷದ ಗೇಮ್ ಪಟ್ಟಿಯಲ್ಲಿ ಇತ್ತು. ಆದರೆ ಇದರ ಗ್ರಾಫಿಕ್ಸ್ ಸಪ್ಪೆ ಅಂದುಕೊಂಡರೆ ತಪ್ಪು. ಎಲೆ ಎತ್ತುವಾಗ ಸಣ್ಣಗೆ ಬಾಗುತ್ತದೆ, ಅಂಕ ಏರಿದ ಹಾಗೆ ಸದ್ದಿನ ಶ್ರುತಿ ಏರುತ್ತದೆ, ಭಾರೀ ಅಂಕ ಬಿದ್ದರೆ ಅಂಕಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ನೀವು ಮಾಡಿದ್ದು ಸರಿಯಾಯಿತು ಅಂತ ಕೈಗೆ ಗೊತ್ತಾಗಬೇಕು, ಚಂದವೆಲ್ಲ ಅದಕ್ಕೇ ಖರ್ಚಾಗಿದೆ.

ಇದೇ ಸಾಲಿನಲ್ಲಿ ಹೇಡಿಸ್, ಹಾಲೊ ನೈಟ್. ಎರಡೂ ಕಣ್ಣಿಗೂ ಚಂದ, ಕೈಗೂ ಗಟ್ಟಿ. ಹಾಲೊ ನೈಟ್ ಸ್ವಲ್ಪ ಕಷ್ಟದ್ದು, ಸೋಲುವುದಕ್ಕೆ ತಾಳ್ಮೆ ಬೇಕು. ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಪುಣೆಯ ತಂಡ 2020ರಲ್ಲಿ ತಂದ ರಾಜಿ ಇದೆ. ನನ್ನ ಲೆಕ್ಕದಲ್ಲಿ ಅದರ ಹೊಡೆದಾಟ ಸಾಧಾರಣ, ಗೇಮ್ ಚಿಕ್ಕದು. ಆದರೆ ಕೋಟೆ, ಕಮಾನು, ಗೋಡೆಯ ಚಿತ್ರಗಳ ನಡುವೆ ಓಡುವ ಖುಷಿ ಬೇರೆಲ್ಲೂ ಸಿಗುವುದಿಲ್ಲ. ಅದನ್ನು ನೋಟಕ್ಕಾಗಿಯೇ ಕೊಳ್ಳಬಹುದು, ಸೇಲ್‌ನಲ್ಲಿ.

ಸಣ್ಣ ಗೇಮ್‌ಗಳ ಕೊರತೆಯನ್ನೂ ಹೇಳಬೇಕು. ಮೊದಲ ನೋಟಕ್ಕೆ ಮನಸ್ಸು ಹಿಡಿಯುವುದಿಲ್ಲ. ಮನೆಗೆ ಬಂದ ನೆಂಟರಿಗೆ ತೋರಿಸಿದರೆ 'ಇದಕ್ಕಾ ದುಡ್ಡು ಕೊಟ್ಟದ್ದು' ಅನ್ನುತ್ತಾರೆ. ಕಥೆಯ ಒಳಗೇ ಹೋಗಿ ಇನ್ನೊಂದು ಲೋಕದಲ್ಲಿ ಓಡಾಡಿ ಬಂದ ಅನುಭವ ಬೇಕು ಅನ್ನುವವರಿಗೆ ಎಲೆ ಆಟ ಎಷ್ಟು ಚೆನ್ನಾಗಿದ್ದರೂ ಸಾಲದು. ಆ ಆಸೆ ಸಣ್ಣದೇನಲ್ಲ, ಅದಕ್ಕೆ ನಾಚಿಕೊಳ್ಳಬೇಕಾಗಿಯೂ ಇಲ್ಲ.

ಆನ್‌ಲೈನ್ ಪೈಪೋಟಿ

ಇಲ್ಲಿ ತೀರ್ಪು ಸುಲಭ, ಆಡುವವರೇ ಕೊಟ್ಟಾಗಿದೆ. ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ರೂಪ) ಜೋರಾಗಿ ಆಡುವ ಹುಡುಗರ ಸೆಟ್ಟಿಂಗ್ ತೆರೆದು ನೋಡಿ: ಗ್ರಾಫಿಕ್ಸ್ 'ಸ್ಮೂತ್', ಅಂದರೆ ಅತಿ ಕಡಿಮೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಚಿತ್ರ, 'ಎಕ್ಸ್‌ಟ್ರೀಮ್' ಅಥವಾ ಅದಕ್ಕೂ ಮೇಲೆ. ಹುಲ್ಲು, ನೆರಳು ಎಲ್ಲ ಹೋದರೂ ಪರವಾಗಿಲ್ಲ, ಎದುರಿನವನು ಮೊದಲು ಕಾಣಬೇಕು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್-ಸ್ಟ್ರೈಕ್ 1.6 ಆಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವ್ಯಾಲರೆಂಟ್ ಅಂತೂ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡಬೇಕು ಅಂತಲೇ ಮಾಡಿದ ಗೇಮ್. ಇಂಥ ಗೇಮ್ ಆಡುವವರು ದುಡ್ಡನ್ನು ಹೆಚ್ಚು ಹರ್ಟ್ಸ್‌ನ (ಸೆಕೆಂಡಿಗೆ ಜಾಸ್ತಿ ಚಿತ್ರ ತೋರಿಸುವ) ಮಾನಿಟರ್, ಒಳ್ಳೆಯ ಮೌಸ್, ವೈಫೈ ಬದಲು ಕೇಬಲ್‌ಗೆ ಹಾಕಲಿ. ಎರಡು ತೊಂದರೆ ಮಾತ್ರ ಮರೆಯಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಪಂದ್ಯ ಹೋಯಿತು, ನಿಲ್ಲಿಸಿ ಮತ್ತೆ ಶುರು ಮಾಡಲಿಕ್ಕೆ ಆಗುವುದಿಲ್ಲ. ಮತ್ತೆ, ಆನ್‌ಲೈನ್ ಗೇಮ್ ನಿಮ್ಮ ಕೈಯಲ್ಲಿ ಇರುವುದಿಲ್ಲ. 2022ರ ಜುಲೈಯಲ್ಲಿ ಬಿಜಿಎಂಐ ಅಂಗಡಿಯಿಂದ ಮಾಯ ಆದದ್ದು, 2023ರ ಮೇಯಲ್ಲಿ ವಾಪಸ್ ಬಂದದ್ದು ನೆನಪಿದೆಯಲ್ಲ. ಬಟ್ಟೆ, ಬಂದೂಕಿನ ಬಣ್ಣಕ್ಕೆ ದುಡ್ಡು ಸುರಿದವರು ಆಗ ಏನು ಮಾಡಬೇಕಿತ್ತು?

ಗ್ರಾಫಿಕ್ಸೇ ಹುರುಳಾಗಿರುವ ಗೇಮ್

ವಿಮಾನ, ರೇಸ್ ಕಾರ್ ಓಡಿಸುವ ಗೇಮ್‌ಗಳಲ್ಲಿ ನಮ್ಮ ಈ ಚರ್ಚೆಯೇ ತಲೆಕೆಳಗಾಗುತ್ತದೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಜಗತ್ತಿನ 37,000ಕ್ಕೂ ಜಾಸ್ತಿ ವಿಮಾನ ನಿಲ್ದಾಣಗಳಿವೆ. ವಿಒಎಂಎಲ್ ಅನ್ನುವ ಕೋಡ್ ಹುಡುಕಿದರೆ ಮಂಗಳೂರಿನ ನಮ್ಮ ಬಜ್ಪೆ ನಿಲ್ದಾಣ. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇಗೆ ಇಳಿಸುವುದು ಅಂದರೆ ಏನು ಅಂತ ಕೈಯಾರೆ ಒಮ್ಮೆ ಪ್ರಯತ್ನಿಸಬಹುದು. ಇಲ್ಲಿ ಮೋಡ ಎಷ್ಟು ಕೆಳಗಿದೆ, ನೆಲ ಎಷ್ಟು ದೂರ, ಬೆಳಕು ಯಾವ ಕಡೆಯಿಂದ ಅಂತ ಕಣ್ಣಿನಲ್ಲೇ ಅಂದಾಜು ಮಾಡಬೇಕು. ಚಂದ ತೆಗೆದರೆ ಉಳಿಯುವುದು ವಿಮಾನದ ಮೀಟರ್‌ಗಳ ಮುಳ್ಳುಗಳು. ಆದರೆ 150 ಜಿಬಿ ಜಾಗ ಬೇಕು, ಊರು ಬೆಟ್ಟಗಳ ಚಿತ್ರ ಹಾರುತ್ತಿರುವಾಗಲೇ ಇಂಟರ್ನೆಟ್‌ನಿಂದ ಬರಬೇಕು. ಗಟ್ಟಿ ಮೆಷಿನ್, ಗಟ್ಟಿ ಫೈಬರ್ ಎರಡೂ ಇಲ್ಲದವರು ಈ ಕಡೆ ಬರುವುದೇ ಬೇಡ.

ಯಾರಿಗೆ ಯಾವುದು

ಕೈಯಲ್ಲಿ ಇರುವುದು ಫೋನ್ ಮಾತ್ರ ಅಂತಾದರೆ ಚಿಂತೆ ಬಿಡಿ. ಬಲಾಟ್ರೊ, ಸ್ಟಾರ್‌ಡ್ಯೂ ವ್ಯಾಲಿ, ಡೆಡ್ ಸೆಲ್ಸ್ ಮೂರೂ ಫೋನಿನಲ್ಲಿ ಇವೆ, ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿ ಎಕ್ಸ್‌ಪ್ರೆಸ್ ಹತ್ತಿ ಸೀಟು ಸಿಕ್ಕಿದರೆ ಬಲಾಟ್ರೊದ ಒಂದು ಆಟ ಆರಾಮಾಗಿ ಆಗುತ್ತದೆ. ನಿಂತೇ ಹೋಗಬೇಕಾದರೆ ಯಾವ ಗ್ರಾಫಿಕ್ಸೂ ಉಪಯೋಗಕ್ಕಿಲ್ಲ.

ಎಪ್ಪತ್ತು ಸಾವಿರದ ಹುಡುಗನಿಗೆ: ಓದಿಗೇ ಗ್ರಾಫಿಕ್ಸ್ ಕಾರ್ಡ್ ಬೇಕಾ ಅಂತ ಮೊದಲು ಕೇಳಿಕೋ. ಆರ್ಕಿಟೆಕ್ಚರ್, ಅನಿಮೇಷನ್ ಆದರೆ ಬೇಕು, ಆಗ ಗೇಮ್ ಅದರ ಜೊತೆ ಪುಕ್ಕಟೆ ಬಂದ ಹಾಗೆ. ಇಲ್ಲವಾದರೆ ಐವತ್ತರ ಒಳಗೆ ಹಗುರದ ಲ್ಯಾಪ್‌ಟಾಪ್, ಎರಡು ಸಾವಿರದ ಒಳಗೆ ನಾಲ್ಕು ಸಣ್ಣ ಗೇಮ್ ಸೇಲ್‌ನಲ್ಲಿ. ಉಳಿದ ದುಡ್ಡು ಹಾಗೇ ಇಡು. ಹಾಸ್ಟೆಲಿನ ಮೇ ತಿಂಗಳ ಸೆಕೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡವರನ್ನು ಒಮ್ಮೆ ಕೇಳಿ ನೋಡು. ಕಾರ್ಡ್ ಇರುವ ಲ್ಯಾಪ್‌ಟಾಪೇ ತಗೊಂಡರೂ ಸೆಟ್ಟಿಂಗ್ ಎಲ್ಲ 'ಅಲ್ಟ್ರಾ' ಬೇಡ. ನೆರಳು, ಮಂಜು, ಪ್ರತಿಬಿಂಬ, ರೇ ಟ್ರೇಸಿಂಗ್ ಇವೇ ಓಟ ತಿನ್ನುವುದು, ಇವನ್ನು ಇಳಿಸು. ಟೆಕ್ಸ್ಚರ್ (ಗೋಡೆ, ಬಟ್ಟೆ, ನೆಲದ ಮೇಲ್ಮೈಯ ಚಿತ್ರ) ಮಾತ್ರ ಕಾರ್ಡಿನ ಮೆಮೊರಿ ಹಿಡಿಸುವವರೆಗೆ ಮೇಲೆ ಇಡು, ಅದರಿಂದ ಓಟ ಅಷ್ಟೇನೂ ಬೀಳುವುದಿಲ್ಲ. ಕಡಿಮೆ ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ಓಟ ಹೆಚ್ಚಿಸುವ ಎರಡು ಸೆಟ್ಟಿಂಗ್ ಉಂಟು: ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ, ಎಫ್‌ಎಸ್‌ಆರ್ ಹಳೆಯ ಕಾರ್ಡ್‌ನಲ್ಲೂ ಓಡುತ್ತದೆ, ಇದ್ದದ್ದನ್ನು ಆನ್ ಮಾಡು.

ಮನೆಯಲ್ಲಿ ಟಿವಿ ದೊಡ್ಡದಿದೆ, ಚಂದದ ಗೇಮೇ ಬೇಕು ಅನ್ನುವವರಿಗೆ ಕನ್ಸೋಲ್ ಒಳ್ಳೆಯದು. ಪಿಎಸ್5 ಸ್ಲಿಮ್ 2024ರಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದಕ್ಕೆ 54,990, ಡಿಸ್ಕ್ ಇಲ್ಲದ್ದಕ್ಕೆ 44,990 ರೂಪಾಯಿ ಇತ್ತು. ಡಿಸ್ಕ್ ಇಲ್ಲದ್ದು ತಗೊಂಡು ಬೆಲೆಯ ವ್ಯತ್ಯಾಸ ಉಳಿಸಲಿಕ್ಕೆ ಹೋಗಬೇಡಿ. ಡಿಸ್ಕ್ ಆದರೆ ಆಡಿ ಮುಗಿಸಿ ಇನ್ನೊಬ್ಬರಿಗೆ ಮಾರಬಹುದು, ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳಬಹುದು. ವರ್ಷದಲ್ಲಿ ಕೆಲವು ದೊಡ್ಡ ಗೇಮ್ ಆಡಿದರೆ ಆ ವ್ಯತ್ಯಾಸ ಹುಟ್ಟಿಬಿಡುತ್ತದೆ. ಗೇಮ್ ಒಳಗೆ 'ಕ್ವಾಲಿಟಿ', 'ಪರ್ಫಾರ್ಮೆನ್ಸ್' ಅಂತ ಎರಡು ಆಯ್ಕೆ ಕೇಳಿದರೆ ಹೊಡೆದಾಟದ ಗೇಮ್‌ಗೆ ಎರಡನೆಯದು, ನಿಧಾನದ ಕಥೆಗೆ ಮೊದಲನೆಯದು. ಮಲ್ಪೆ, ಉಳ್ಳಾಲದ ಹಾಗೆ ಕಡಲ ಬದಿಯ ಮನೆಯವರು ಇದನ್ನು ಕಿಟಕಿಯ ಪಕ್ಕ ಇಡಬೇಡಿ, ಉಪ್ಪುಗಾಳಿ ಒಳಗಿನ ಲೋಹಕ್ಕೆ ಆಗುವುದಿಲ್ಲ.

ಗಂಡ ಹೆಂಡತಿ, ಇಲ್ಲವೇ ಅಣ್ಣ ತಂಗಿ ಇಬ್ಬರೂ ಆಡಬೇಕು ಅಂದರೆ 2021ರ ಇಟ್ ಟೇಕ್ಸ್ ಟೂ. ಇಬ್ಬರಿಲ್ಲದೆ ಅದನ್ನು ಆಡಲಿಕ್ಕೇ ಆಗುವುದಿಲ್ಲ. ಒಂದೇ ಸ್ಕ್ರೀನ್ ಎರಡು ಭಾಗ ಆಗುತ್ತದೆ. ಪ್ರತಿ ಅಧ್ಯಾಯದಲ್ಲೂ ಹೊಸ ಆಟ, ಹೊಸ ಬಣ್ಣ. ಇಂಗ್ಲಿಷ್ ಪೂರ್ತಿ ಅರ್ಥ ಆಗದಿದ್ದರೂ ಏನು ಮಾಡಬೇಕು ಅಂತ ಕಾಣುತ್ತದೆ. ಆ ಸಲದ 'ವರ್ಷದ ಗೇಮ್' ಪ್ರಶಸ್ತಿ ಅದಕ್ಕೆ ಸುಮ್ನೆ ಸಿಕ್ಕಿದ್ದಲ್ಲ.

ಇಷ್ಟಾದ ಮೇಲೂ ಗೊಂದಲ ಇದ್ದರೆ ಕೊಂಡೇ ಪರೀಕ್ಷೆ ಮಾಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದ ಒಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಸೆಟ್ಟಿಂಗ್‌ಗೆ ಕೊಡಿ. ಆಮೇಲೆ ಕಥೆಯ ವಿಡಿಯೊ ಬಂದರೆ ದಾಟಿಸಿ ಮುಂದೆ ಹೋಗಿ, ನಿಮ್ಮ ಕೈಗೆ ಆಟ ಸಿಗಲಿ. ಗಂಟೆ ಒಂದೂವರೆ ಆದಾಗ ನಿಲ್ಲಿಸಿ. ಮತ್ತೆ ಆಡಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯಬೇಕು ಅಂತ ಮಾತ್ರ ಅನ್ನಿಸಿದರೆ ವಾಪಸ್ ಕೊಡಿ, ಸೇಲ್‌ಗೆ ಕಾಯಿರಿ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಡೌನ್‌ಲೋಡ್ ಶುರು ಮಾಡಿದ ಮೇಲೆ, ಗೇಮ್‌ನಲ್ಲೇ ದೋಷ ಇದ್ದರೆ ಹೊರತು, ದುಡ್ಡು ವಾಪಸ್ ಇಲ್ಲ. ಅಲ್ಲಿ ಡೆಮೊ ಇದ್ದರೆ ಮೊದಲು ಅದನ್ನು ಆಡಿ, ಇಲ್ಲದಿದ್ದರೆ ಗೆಳೆಯನ ಡಿಸ್ಕ್ ಒಂದು ವಾರಕ್ಕೆ ಕೇಳಿ ತನ್ನಿ.